ಸಾರಿನ ರುಚಿ ಸಾಕ್ಷಿಯಲ್ಲ

ಪಾತಕಿಯ ಊಟದ ಮನೆಯನ್ನು ತೋರಿಸಿ ಅವನ ಪಾತಕವನ್ನು ಮರೆಸುವ ಹೊಸ ಬಗೆಯ ಬರವಣಿಗೆಯೊಂದು ಹುಟ್ಟಿಕೊಂಡಿದೆ. ಶಿಕಾಗೊದ ಅಲ್ ಕಪೋನ್‌ನ ಕುರಿತು ಅವನ ಅಣ್ಣ ರಾಲ್ಫ್‌ನ ಮೊಮ್ಮಗಳು ಬರೆದ ಪುಸ್ತಕ ಇದಕ್ಕೊಂದು ನಿದರ್ಶನ. ಅದರಲ್ಲಿ ಮನೆತನದ ಕಥೆಗಳಿವೆ. ಜೊತೆಗೆ ಅಡುಗೆಯ ವಿಧಾನಗಳೂ ಇವೆ. ಪಾಸ್ತಾ ತಿಂದ ನಾಲಿಗೆ ಚಪ್ಪರಿಸುತ್ತ 'ಅವನೂ ಮನುಷ್ಯನೇ ಅಲ್ಲವೆ' ಎನ್ನುವ ಓದುಗರೊಂದಿಗೆ ನನ್ನ ಜಗಳ.

ಲೇಖಕಿಯೊಂದಿಗೆ ಜಗಳವಿಲ್ಲ. ಕಪೋನ್ ಎಂಬ ಹೆಸರು ಹೊತ್ತವರು ಪಟ್ಟ ಅವಮಾನ ಸಣ್ಣದಲ್ಲ. ಆಕೆಯ ತಂದೆ 1950ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ತನ್ನನ್ನು ಎತ್ತಿ ಮುದ್ದಿಸಿದ ಹಿರಿಯನನ್ನು ನೆನೆಯುವ ಹಕ್ಕು ಆಕೆಗಿದೆ. ಆದರೆ ಆಕೆ ಎಳವೆಯಲ್ಲಿ ಕಂಡದ್ದು 1939ರಲ್ಲಿ ಸೆರೆಯಿಂದ ಹೊರಬಂದು, ಸಿಫಿಲಿಸ್‌ನಿಂದ ಬುದ್ಧಿ ಶಿಥಿಲವಾಗಿ, 1947ರಲ್ಲಿ ಫ್ಲೋರಿಡಾದಲ್ಲಿ ತೀರಿಕೊಂಡ ರೋಗಿಯನ್ನು. ಶಿಕಾಗೊ ಕಂಡ ಕಪೋನ್ ಬೇರೆ.

ಆ ಕಪೋನ್, 1920ರಿಂದ 1933ರವರೆಗೆ ಅಮೆರಿಕದಲ್ಲಿದ್ದ ಪಾನನಿಷೇಧದ ಕಾಲದ ಕಳ್ಳ ಮದ್ಯದಿಂದ ಬೆಳೆದವನು. 1924ರಲ್ಲಿ ಸಿಸೆರೊ ಪಟ್ಟಣದ ಚುನಾವಣೆಯಲ್ಲಿ ಅವನ ಬಣದ ಬಂದೂಕುಗಳು ಮತಗಟ್ಟೆಗಳಲ್ಲಿ ನಿಂತಿದ್ದವು. 1929ರ ಫೆಬ್ರವರಿ 14ರಂದು ಶಿಕಾಗೊದ ಗ್ಯಾರೇಜೊಂದರಲ್ಲಿ ಏಳು ಜನರನ್ನು ಗೋಡೆಗೆ ನಿಲ್ಲಿಸಿ ಕೊಂದರು. ಸತ್ತವರಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಕೊಲ್ಲಿಸಿದವನು ಕಪೋನ್ ಎಂದೇ ಲೋಕ ನಂಬಿತು. ಅವನು ಅಂದು ಫ್ಲೋರಿಡಾದಲ್ಲಿದ್ದ. ಆ ಕೊಲೆಗಳಿಗಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ. 1931ರಲ್ಲಿ ಅವನಿಗೆ ಹನ್ನೊಂದು ವರ್ಷಗಳ ಸೆರೆಯಾದದ್ದು ಆದಾಯ ತೆರಿಗೆ ವಂಚನೆಗಾಗಿ. ರಕ್ತದ ಲೆಕ್ಕ ಕೇಳಲಾಗದ ಸರ್ಕಾರ ರೊಕ್ಕದ ಲೆಕ್ಕವನ್ನಾದರೂ ಕೇಳಿತು. ನಾವು ಅದನ್ನೂ ಕೇಳದೆ ಸಾರಿನ ರುಚಿಯನ್ನೇ ಸಾಕ್ಷಿಯಾಗಿ ಸ್ವೀಕರಿಸುತ್ತಿದ್ದೇವೆ.

ಈ ಮಾತಿನಲ್ಲಿ ನನ್ನ ಸ್ವಂತ ಅನುಭವದ ಪಾಲೂ ಇದೆ. 1990ರ ದಶಕದಲ್ಲಿ ಮುಂಬಯಿಯ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕುಳಿತು ತಿಂಗಳು ತಿಂಗಳೂ ಹಫ್ತಾ ಎಣಿಸಿಕೊಟ್ಟವನು ನಾನು. ವಸೂಲಿಗೆ ಬರುತ್ತಿದ್ದ ಹುಡುಗ ಬಲು ಸಂಭಾವಿತ. ಲಕೋಟೆಯನ್ನು ಜೇಬಿಗಿಳಿಸಿ, ಕುಡಿದ ಕಾಫಿಗೆ ತಪ್ಪದೆ ದುಡ್ಡು ಕೊಟ್ಟು, ಮಾಣಿಯ ಮಗಳ ಓದನ್ನು ವಿಚಾರಿಸಿ ಹೋಗುತ್ತಿದ್ದ. ಅವನ ಸೌಜನ್ಯ ಸುಳ್ಳಲ್ಲ. ಅವನು ಹೋದ ಮೇಲೆ ಸಂಬಳಕ್ಕೆ ಕಾದು ನಿಂತ ಮಾಣಿಗೆ 'ಮುಂದಿನ ವಾರ' ಎಂದು ನಾನು ಹೇಳಿದ್ದೂ ಸುಳ್ಳಲ್ಲ.

ಕಪೋನ್ 1930ರಲ್ಲಿ ಶಿಕಾಗೊದ ನಿರುದ್ಯೋಗಿಗಳಿಗೆ ಗಂಜಿಕೇಂದ್ರ ತೆರೆದನಲ್ಲ ಎಂದು ಅವನ ಅಭಿಮಾನಿಗಳು ಕೇಳುತ್ತಾರೆ. ತೆರೆದ, ನಿಜ. ಹಸಿದವರು ಉಂಡದ್ದೂ ತಪ್ಪಲ್ಲ. ಆದರೆ ಅನ್ನದ ಋಣ ಉಂಡವನನ್ನು ಕಟ್ಟೀತು. ನೋಡಿದವನನ್ನು, ಓದಿದವನನ್ನು ಅದೇಕೆ ಕಟ್ಟಬೇಕು? ನಮ್ಮ ಆಯ್ದಕ್ಕಿ ಲಕ್ಕಮ್ಮ, ಗಂಡ ಮಾರಯ್ಯ ಅಂದಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಹೇಳಿದವಳು. ಕದ್ದದ್ದಲ್ಲದ ಅಕ್ಕಿಯನ್ನೂ ಒಲೆಗಿಡುವ ಮೊದಲು ಪ್ರಶ್ನಿಸಿದ ಹೆಣ್ಣುಮಗಳು ಆಕೆ. ಕಾಯಕದ ಶುದ್ಧಿಯಿಲ್ಲದ ದಾಸೋಹವನ್ನು ಶರಣರು ಒಪ್ಪಲಿಲ್ಲ.

ಕ್ರೂರಿಗೂ ಕುಟುಂಬಪ್ರೀತಿ ಇರುತ್ತದೆಂಬುದು ಹೊಸ ಶೋಧವಲ್ಲ. ಹಾಗೆಂದು ಪ್ರೀತಿ ಕ್ರೌರ್ಯದಿಂದ ವಜಾ ಮಾಡಬೇಕಾದ ಮೊತ್ತವೂ ಅಲ್ಲ. ಗ್ಯಾರೇಜಿನಲ್ಲಿ ಸತ್ತ ಮೆಕ್ಯಾನಿಕ್ಕಿನ ಮನೆಯಲ್ಲೂ ಒಲೆಯಿತ್ತು. ಅಲ್ಲಿ ಏನು ಬೇಯುತ್ತಿತ್ತೆಂದು ಯಾವ ಪ್ರಕಾಶಕನೂ ಕೇಳುವುದಿಲ್ಲ.

ಪುಸ್ತಕ ಓದೋಣ, ಪಾಸ್ತಾ ಬೇಯಿಸಿ ಉಣ್ಣೋಣ. ಆದರೆ ಬೇಕಾಗುವ ಪದಾರ್ಥಗಳ ಪಟ್ಟಿಯ ಕೊನೆಗೆ ಇದೊಂದನ್ನು ಬರೆದುಕೊಳ್ಳೋಣ: ಟೊಮೆಟೊ ಕೊಂಡ ದುಡ್ಡು ಯಾರದು?