ಹಬ್ಬದ ಕೆಲಸಕ್ಕೆ ‘ಹೆಲ್ಪ್’ ಬೇಡ ಸ್ವಾಮಿ

ದೀಪಾವಳಿ ಹತ್ತಿರ ಬಂತು ಅಂದ್ರೆ ಸಾಕು, ಮೊಬೈಲ್ ತುಂಬಾ ಒಂದೇ ಉಪದೇಶ: ಹಬ್ಬದ ಕೆಲಸವನ್ನು ‘ಫನ್’ ಮಾಡಿ. ಹಾಡು ಹಾಕ್ಕೊಂಡು ಕಸ ಗುಡಿಸಿ. ಮಗು ಕಪಾಟು ಒರೆಸಿದರೆ ಒಂದು ಸ್ಟಾರ್ ಕೊಡಿ, ಐದು ಸ್ಟಾರ್ ಆದರೆ ಐಸ್‌ಕ್ರೀಮ್. ನಾನೂ ಹೋದ ವರ್ಷ ಈ ಆಟ ಆಡಿದೆ. ಎರಡನೇ ದಿನಕ್ಕೆ ನನ್ನ ಏಳು ವರ್ಷದ ಮಗಳು ‘ಐಸ್‌ಕ್ರೀಮ್ ಹೆಂಗಿದ್ರೂ ಕೊಡಿಸ್ತೀಯಲ್ಲಪ್ಪ’ ಅಂದು ಟೀವಿ ಮುಂದೆ ಕೂತಳು. ಅವಳ ಲಾಜಿಕ್‌ನಲ್ಲಿ ಒಂದೂ ಬಗ್ ಇರಲಿಲ್ಲ.

ನಾನು ಬೆಳೆದದ್ದು ಸಾಗರದ ಕಡೆಯ ಹಳ್ಳಿಯಲ್ಲಿ. ನಮ್ಮಲ್ಲಿ ದೀಪಾವಳಿಗೆ ದೊಡ್ಡಹಬ್ಬ ಅಂತಲೇ ಹೆಸರು. ತ್ರಯೋದಶಿ ಸಂಜೆ ಬಚ್ಚಲಿನ ಹಂಡೆ ತಿಕ್ಕಿ ತೊಳೆದು, ಹಿಂಡ್ಲೆಕಾಯಿ ಬಳ್ಳಿ ಸುತ್ತಿ ನೀರು ತುಂಬೋದು. ಮರುದಿನ ಬೆಳಕು ಹರಿಯೋ ಮುಂಚೆ ಎಣ್ಣೆಸ್ನಾನ. ಪಾಡ್ಯದ ದಿನ ಗೋಪೂಜೆ. ದನಗಳಿಗೆ ಸರ ಮಾಡೋದು ನಮ್ಮಂಥ ಚಿಳ್ಳೆಪಿಳ್ಳೆಗಳ ಖಾತೆ. ಅಡಿಕೆ, ಪಚ್ಚೆತೆನೆ, ಚೆಂಡುಹೂವು ಎಲ್ಲವನ್ನೂ ಬಾಳೆನಾರಿನಲ್ಲಿ ಕಟ್ಟಬೇಕು. ಲೋಟದ ಬಾಯನ್ನು ಕೆಮ್ಮಣ್ಣು, ಶೇಡಿಯಲ್ಲಿ ಅದ್ದಿ ದನದ ಮೈಮೇಲೆ ಬಳೆಯಂಥ ಅಚ್ಚು ಒತ್ತಬೇಕು. ನನ್ನ ಸರ ಯಾವಾಗಲೂ ಸೊಟ್ಟ. ಆದರೂ ನಮ್ಮ ಗೌರಿ ದನ ಅದನ್ನೇ ಹಾಕ್ಕೊಂಡು ಊರೆಲ್ಲ ತಿರುಗುತ್ತಿತ್ತು. ದೊಡ್ಡವರು ಯಾರೂ ಅದನ್ನು ಬಿಚ್ಚಿ ಮತ್ತೆ ಕಟ್ಟಲಿಲ್ಲ. ನಾನು ಮಾಡದೇ ಹೋಗಿದ್ದರೆ ಗೌರಿ ಬೋಳು ಕುತ್ತಿಗೆಯಲ್ಲೇ ಹೋಗಬೇಕಿತ್ತು. ಮಜಾ ಇದ್ದದ್ದು ಅಲ್ಲಿ. ಮಾಡಿದರೂ ಬಿಟ್ಟರೂ ಏನೂ ಆಗದ ಕೆಲಸಕ್ಕೆ ಮಾತ್ರ ಸ್ಟಾರ್‌ನ ಆಮಿಷ ಬೇಕಾಗೋದು.

ತಡೀರಿ, ‘ಆಹಾ, ಹಳ್ಳಿ ಅಂದ್ರೆ ಹಂಗೆ’ ಅಂತ ಶುರು ಮಾಡಬೇಡಿ. ಇತ್ತೀಚೆಗೆ ಫೋನಿನಲ್ಲಿ ಅಮ್ಮನನ್ನು ಕೇಳಿದೆ, ‘ದೊಡ್ಡಹಬ್ಬದ ದಿನ ನೀನು ಎಲ್ಲರ ಜೊತೆ ಕೂತು ಊಟ ಮಾಡಿದ್ದು ನೆನಪಿದೆಯಾ?’ ಅಮ್ಮ ನಕ್ಕಳು. ‘ನಿಮ್ದೆಲ್ಲ ಆದ್ಮೇಲೆ ಉಣ್ತಿದ್ನಲ್ಲೋ.’ ನಮ್ಮ ಸರ, ನಮ್ಮ ಹಂಡೆ, ನಮ್ಮ ದೀಪದ ಹಿಂದೆ ಬೆಳಗಿನ ಜಾವದಿಂದ ಒಲೆ ಮುಂದೆ ನಿಂತ ಹೆಂಗಸರಿದ್ದರು. ಅವರ ಪಾಲಿನ ಕೆಲಸಕ್ಕೆ ಯಾರೂ ಪಾಲುದಾರರಿರಲಿಲ್ಲ. ನಾವು ಗಂಡುಮಕ್ಕಳು ಹಳ್ಳಿಯಿಂದ ಬೆಂಗಳೂರಿಗೆ ಬರುವಾಗ ಸರ ಕಟ್ಟೋದನ್ನು ಅಲ್ಲೇ ಬಿಟ್ಟು ಬಂದೆವು. ಬಡಿಸಿಕೊಂಡು ಉಣ್ಣೋದನ್ನು ಮಾತ್ರ ಜೋಪಾನವಾಗಿ ತಂದೆವು.

ಹೋದ ದೀಪಾವಳಿಯಲ್ಲಿ ನಾನು ಮಾಡಿದ್ದೇನು? ಬಾಲ್ಕನಿಗೆ ಸೀರಿಯಲ್ ಸೆಟ್ ಕಟ್ಟಿದೆ, 20 ನಿಮಿಷ. ಫೋಟೋ ತೆಗೆದು ಸ್ಟೇಟಸ್ ಹಾಕಿದೆ. ನನ್ನಷ್ಟೇ ಮೀಟಿಂಗು, ನನ್ನಷ್ಟೇ ಡೆಡ್‌ಲೈನ್ ಇರೋ ಹೆಂಡತಿ ರಜೆ ಹಾಕಿ ಉಳಿದದ್ದೆಲ್ಲ ಮಾಡಿದಳು. ಸಂಜೆ ಹಣತೆ ಹಚ್ಚೋ ಹೊತ್ತಿಗೆ ಸೋಫಾದಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದಳು. ಎಬ್ಬಿಸೋಕೆ ಹೋದರೆ ಮಗಳು ತಡೆದಳು. ‘ಬೇಡಪ್ಪ, ಅಮ್ಮಂಗೆ ಹಬ್ಬ ಮುಗೀತು.’

‘ಹೇಳಿದ್ರೆ ಹೆಲ್ಪ್ ಮಾಡ್ತಿದ್ದೆ’ ಅಂತ ಬಾಯಿಗೆ ಬಂದಿತ್ತು, ನುಂಗಿದೆ. ಹೆಲ್ಪ್ ಅಂದ್ರೇನು? ಕೆಲಸ ಅವಳದು, ನಾನು ದಯೆ ತೋರಿಸ್ತೀನಿ ಅಂತ. ಆಫೀಸಿನಲ್ಲಿ ನನ್ನ ಹೆಸರಿಗಿರೋ ಟಿಕೆಟ್‌ಗೆ ‘ಹೆಲ್ಪ್ ಮಾಡ್ತೀನಿ’ ಅಂದರೆ ಮ್ಯಾನೇಜರ್ ಬಿಡ್ತಾನಾ? ಕಡ್ಲೆಬೇಳೆ ನೆನೆಹಾಕೋದು, ಮಾವಿನ ಸೊಪ್ಪು ತರೋದು, ಬತ್ತಿ ಇದೆಯಾ ಅಂತ ನೋಡೋದು, ಇವನ್ನೆಲ್ಲ ನೆನಪಿಟ್ಟುಕೊಳ್ಳೋದೇ ಒಂದು ಕೆಲಸ. ಅದು ಲೆಕ್ಕಕ್ಕೇ ಬರಲ್ಲ.

‘ಟೈಮ್ ಇಲ್ಲ ಗುರು’ ಅನ್ನೋರಿಗೆ ಒಂದು ಮಾತು. ರಿಲೀಸ್ ಇದ್ದಾಗ ರಾತ್ರಿ 2 ಗಂಟೆವರೆಗೆ ಕೂರೋರು ನಾವೇ. ‘ದುಡ್ಡು ಕೊಟ್ರೆ ಡೆಕೋರೇಷನ್ನಿನವರೇ ಬಂದು ಮಾಡ್ತಾರೆ’ ಅನ್ನೋರಿಗೂ ಒಂದು. ಹೋಳಿಗೆ ಅಂಗಡಿಯಿಂದ ತನ್ನಿ, ತಪ್ಪೇನಿಲ್ಲ, ಮನೆಯವರು ಕೂತು ಉಣ್ಣೋ ಹಾಗಾದರೆ ಅದೇ ಪುಣ್ಯ. ಆದರೆ ಪೂರ್ತಿ ಹಬ್ಬವನ್ನೇ ಗುತ್ತಿಗೆ ಕೊಟ್ಟರೆ ನಿಮಗೆ ಉಳಿಯೋದು ಫೋಟೋ ಒಂದೇ. ಎಲ್ಲವನ್ನೂ ಕೆಲಸದಾಕೆ ಮೇಲೆ ಹಾಕೋರು ಅವರ ಮನೆಯಲ್ಲೂ ಹಬ್ಬ ಇದೆ ಅನ್ನೋದು ನೆನಪಿಡಿ.

ಈ ವರ್ಷ ನಮ್ಮನೆ ಫ್ರಿಜ್ ಮೇಲೆ ಒಂದು ಹಾಳೆ ಅಂಟಿದೆ. ಹಬ್ಬದ ಕೆಲಸಗಳೆಲ್ಲ, ನೆನಪಿಡೋ ಕೆಲಸವೂ ಸೇರಿ, ಒಂದೊಂದರ ಮುಂದೆ ಒಂದೇ ಹೆಸರು. ಯಾರ ಕೆಲಸವೋ ಅವರದೇ ರೀತಿ, ಇನ್ನೊಬ್ಬರು ತಿದ್ದೋ ಹಾಗಿಲ್ಲ. ಅಡುಗೆಯಲ್ಲಿ ಎರಡು ಐಟಂ ಕಟ್. ಎಲ್ಲರೂ ಒಟ್ಟಿಗೇ ಊಟಕ್ಕೆ ಕೂರಬೇಕು. ಮರುದಿನ ಜಿಡ್ಡು ಹಿಡಿದ ಹಣತೆ ತೊಳೆಯೋದೂ ಪಟ್ಟಿಯಲ್ಲಿದೆ, ಅದರ ಮುಂದೆ ಇರೋದು ನನ್ನ ಹೆಸರು. ಕಳೆದ ಭಾನುವಾರ ಟ್ರಯಲ್ ಅಂತ ಕಾಯಿಹೋಳಿಗೆ ಮಾಡಿದೆ. ಹೂರಣ ಎಲ್ಲಾ ಹೊರಗೆ ಬಂತು. ಮೂವರೂ ನಕ್ಕು ನಕ್ಕು ಚಮಚದಲ್ಲಿ ತಿಂದೆವು. ಹಾಡು ಹಾಕೋದು ಯಾರಿಗೂ ನೆನಪಾಗಲಿಲ್ಲ.

ಬಾಗಿಲ ತೋರಣ ಮಗಳ ಖಾತೆ. ಸೊಟ್ಟಗಿರುತ್ತೆ. ಮನೆಗೆ ಬಂದವರು ದಯವಿಟ್ಟು ಸರಿ ಮಾಡೋಕೆ ಹೋಗಬೇಡಿ.