ಗಾರ್ಮೆಂಟ್ಸ್ ಅಕ್ಕನ ಮನಸ್ಸು ಯಾವ ಪಾಠದಲ್ಲಿದೆ?

ಕೈಗಾರಿಕಾ ಮನೋವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಓದಲು ನಮ್ಮೂರ ಮಕ್ಕಳೂ ಹೋಗಲಿ. ಕೆಲಸಗಾರರ ಮನಸ್ಸು ಅರಿಯುವ ಓದು ಅದು. ಆದರೆ ಯಾರಿಗಾಗಿ ಅರಿಯುವುದು?

ಶಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಲ್ಲಿ, ಬೆಳಕು ಹೆಚ್ಚಿಸಿದರೆ ಕೆಲಸವೂ ಹೆಚ್ಚುತ್ತದೆಯೇ ಎಂದು ನೋಡಲು ಹೊರಟರು. ಈ ಓದಿಗೆ ಅದು ಮೊದಲ ಪಾಠವಿದ್ದಂತೆ. ಸರಿ, ಓದಲಿ. 2016ರ ಏಪ್ರಿಲ್‌ನಲ್ಲಿ ಪಿ.ಎಫ್. ಹಣ ತೆಗೆಯಲು ಕೇಂದ್ರ ಅಡ್ಡಿ ಹಾಕಿದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರಲ್ಲ? ಸರ್ಕಾರ ನಿಯಮ ವಾಪಸ್ ಪಡೆಯಿತು. ಆ ಸಿಟ್ಟನ್ನೂ ಪಾಠ ಮಾಡಲಿ.

ಎಚ್ಆರ್ ಕುರ್ಚಿಗಷ್ಟೇ ಜನ ತಯಾರಿಸುವ ಓದು ನಮಗೆ ಬೇಡ. ಫೀಲ್ಡ್‌ವರ್ಕ್ ಬೆಳಗಿನ ಗಾರ್ಮೆಂಟ್ಸ್ ಬಸ್ಸಿನಲ್ಲಿ, ಕನ್ನಡದಲ್ಲಿ ನಡೆಯಲಿ. ಓದುತ್ತಿರುವ ತಮ್ಮ ತಂಗಿಯರೇ, ಟಾರ್ಗೆಟ್ ಮುಟ್ಟಿಸುವುದು ಹೇಗೆಂದು ಕಲಿಯುವ ಮೊದಲು, ಅದನ್ನು ಹಾಕಿದವರು ಯಾರೆಂದು ಕೇಳಿ.