ಕಟ್ಟುಹಾವು ಕಚ್ಚಿದವರಿಗೆ ಇಂಜೆಕ್ಷನ್ ಒಂದೇ ಸಾಲದು

ಮಧುಗಿರಿ ತಾಲ್ಲೂಕಿನ ಪುರವರ ಹೋಬಳಿಯಿಂದ ಪಾವಗಡದ ಆಂಧ್ರ ಗಡಿಯವರೆಗಿನ ಬಯಲುಸೀಮೆಗೆ ಕಟ್ಟುಹಾವು ಹೊಸದಲ್ಲ. ರಾತ್ರಿ ಹೊತ್ತು ಓಡಾಡುವ ಈ ಹಾವು ಇಲಿ, ಹಲ್ಲಿ, ಸಣ್ಣಪುಟ್ಟ ಹಾವುಗಳನ್ನು ಅರಸಿಕೊಂಡು ಮನೆಯೊಳಕ್ಕೂ ಬರುತ್ತದೆ. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚಿಬಿಡುತ್ತದೆ. ಕೊಳಕುಮಂಡಲ ಕಚ್ಚಿದರೆ ಕಾಲು ಊದಿಕೊಂಡು ನೋವು ತಡೆಯಲಾಗುವುದಿಲ್ಲ. ಕಟ್ಟುಹಾವು ಕಚ್ಚಿದ ಜಾಗದಲ್ಲಿ ಎಷ್ಟೋ ಸಲ ಗಾಯವೇ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದವರಿಗೆ ಕಣ್ಣಿನ ರೆಪ್ಪೆ ಜೋಲತೊಡಗುತ್ತದೆ, ನುಂಗಲು ಆಗುವುದಿಲ್ಲ, ಮಾತು ತೊದಲುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಇಂಥ ಸಾವಾದಾಗ ನಮ್ಮ ಚರ್ಚೆಯೆಲ್ಲ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಇತ್ತೇ, ಇರಲಿಲ್ಲವೇ ಎಂಬಲ್ಲಿಗೆ ಮುಗಿಯುತ್ತದೆ. ಅದು ಕೇಳಬೇಕಾದ ಪ್ರಶ್ನೆಯೇ, ಆದರೆ ಅರ್ಧ ಪ್ರಶ್ನೆ. ಈ ವಿಷ ನರದ ತುದಿಯಲ್ಲಿ ಏನು ಮಾಡುತ್ತದೆಂದು ತಿಳಿದವರು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕು ಆಸ್ಪತ್ರೆಗಳಲ್ಲಿ ಪ್ರತಿವಿಷದ ಜೊತೆಗೇ ಕೃತಕ ಉಸಿರಾಟದ ವ್ಯವಸ್ಥೆಯೂ ಹಗಲು ರಾತ್ರಿ ಸಿದ್ಧವಿರಬೇಕೆಂದು ಒತ್ತಾಯಿಸಲೇಬೇಕು.

ಉಸಿರೆಳೆಯಬೇಕಾದರೆ ನರದಿಂದ ಸ್ನಾಯುವಿಗೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ದಾಟಬೇಕು. ನರದ ತುದಿಯೊಳಗೆ ಅದು ವೆಸಿಕಲ್ ಎಂಬ ಪುಟ್ಟ ಪೊರೆಚೀಲಗಳಲ್ಲಿ ತುಂಬಿರುತ್ತದೆ. ಒಂದು ಚೀಲದ ಅಡ್ಡಳತೆ ಮಿಲಿಮೀಟರಿನ ಸುಮಾರು ಇಪ್ಪತ್ತು ಸಾವಿರದಲ್ಲೊಂದು ಪಾಲು. ಒಳಗಿನ ಸರಕು ಹೊರಬರಲು ಚೀಲದ ಪೊರೆ ನರಕೋಶದ ಹೊರಪೊರೆಯೊಂದಿಗೆ ಬೆಸೆದು ಬಾಯಿ ತೆರೆಯಬೇಕು. ಎರಡು ಪೊರೆಗಳು ತಾವಾಗಿ ಬೆಸೆಯುವುದಿಲ್ಲ. ಹತ್ತಿರ ತಂದಷ್ಟೂ ಒಂದನ್ನೊಂದು ದೂಡುತ್ತವೆ. ಆ ತಡೆಯನ್ನು ಮೀರುವ ಶಕ್ತಿ ಬರುವುದು ಪ್ರೋಟೀನ್‌ಗಳಿಂದ. ಚೀಲದ ಮೇಲಿರುವ ಸಿನ್ಯಾಪ್ಟೊಬ್ರೆವಿನ್, ಹೊರಪೊರೆಯಲ್ಲಿರುವ ಸಿಂಟ್ಯಾಕ್ಸಿನ್ ಮತ್ತು ಸ್ನ್ಯಾಪ್-25 ಹಗ್ಗ ಹೊಸೆದಂತೆ ಒಂದಕ್ಕೊಂದು ಸುತ್ತಿಕೊಂಡು ಚೀಲವನ್ನು ಪೊರೆಗೆ ಎಳೆದು ಒತ್ತುತ್ತವೆ. ಈ ಪ್ರೋಟೀನ್‌ಗಳ ಕುಟುಂಬಕ್ಕೆ ಸ್ನೇರ್ ಎಂದು ಹೆಸರು. ಮಂಕ್-18, ಮಂಕ್-13 ಎಂಬ ಇನ್ನೆರಡು ಪ್ರೋಟೀನ್‌ಗಳು ಅವು ಸರಿಯಾಗಿ ಜೋಡಣೆಯಾಗಲು ನೆರವಾಗುತ್ತವೆ. ನರದ ತುದಿಗೆ ಕ್ಯಾಲ್ಸಿಯಂ ನುಗ್ಗಿದ್ದನ್ನು ಸಿನ್ಯಾಪ್ಟೊಟ್ಯಾಗ್ಮಿನ್ ಗುರುತಿಸಿದೊಡನೆ, ಸೆಕೆಂಡಿನ ಸಾವಿರದಲ್ಲೊಂದು ಭಾಗದೊಳಗೆ ಬೆಸುಗೆಯಾಗಿ ಸರಕು ಹೊರಬೀಳುತ್ತದೆ. ಆಮೇಲೆ ನರ ಆ ಪೊರೆಯನ್ನು ಮತ್ತೆ ಒಳಗೆಳೆದುಕೊಂಡು ಹೊಸ ಚೀಲ ಮಾಡಿಕೊಳ್ಳುತ್ತದೆ. ಜೀವಕೋಶದ ಈ ಸಾಗಣೆ ವ್ಯವಸ್ಥೆಯನ್ನು ಬಿಡಿಸಿ ತೋರಿಸಿದ್ದಕ್ಕೆ ಜೇಮ್ಸ್ ರಾತ್‌ಮನ್, ರ‍್ಯಾಂಡಿ ಶೆಕ್ಮನ್ ಮತ್ತು ಥಾಮಸ್ ಸುಡಾಫ್ ಅವರಿಗೆ 2013ರ ನೊಬೆಲ್ ಬಂತು.

ಇಷ್ಟು ತಿಳಿದರೆ ನಾಗರಹಾವಿಗೂ ಕಟ್ಟುಹಾವಿಗೂ ಇರುವ ವ್ಯತ್ಯಾಸ ಅರ್ಥವಾಗುತ್ತದೆ. ನಾಗರಹಾವಿನ ನರವಿಷ ಮುಖ್ಯವಾಗಿ ಸ್ನಾಯುವಿನ ಹೊರಮೈಯಲ್ಲಿ, ಅಸಿಟೈಲ್‌ಕೋಲಿನ್ ಬಂದು ಕೂರುವ ಜಾಗವನ್ನೇ ಹಿಡಿದು ಕೂರುತ್ತದೆ. ಪ್ರತಿವಿಷ ಅಲ್ಲಿಗೆ ತಲುಪಬಲ್ಲದು. ನಿಯೋಸ್ಟಿಗ್ಮಿನ್ ಎಂಬ ಔಷಧ ಅಸಿಟೈಲ್‌ಕೋಲಿನ್ ಬೇಗ ನಾಶವಾಗದಂತೆ ತಡೆದು ನೆರವಾಗುತ್ತದೆ. ಕಟ್ಟುಹಾವಿನಲ್ಲೂ ಇಂಥ ಹೊರಗಿನಿಂದ ಕೆಲಸ ಮಾಡುವ ವಿಷಗಳಿವೆ. ಆದರೆ ಅದರ ನಿಜವಾದ ಅಪಾಯ ಬೀಟಾ-ಬಂಗರೊಟಾಕ್ಸಿನ್ ಗುಂಪಿನದು. ಅದು ನರದ ತುದಿಯನ್ನೇ ಹಿಡಿದು ಅಲ್ಲಿನ ಪೊರೆಯ ಕೊಬ್ಬನ್ನು ಕತ್ತರಿಸುತ್ತದೆ. ಪೊರೆಯ ಆಕಾರ ಕೆಟ್ಟು, ಚೀಲಗಳು ಹೊತ್ತುಗೊತ್ತಿಲ್ಲದೆ ಬೆಸೆದು ಖಾಲಿಯಾಗುತ್ತವೆ. ಹೊಸ ಚೀಲ ಮಾಡಿಕೊಳ್ಳುವ ದಾರಿಯೂ ಮುಚ್ಚುತ್ತದೆ. ದಾಸ್ತಾನು ಮುಗಿಯುವವರೆಗೆ ಮನುಷ್ಯ ಚೆನ್ನಾಗಿಯೇ ಕಾಣುತ್ತಾನೆ, ಲಕ್ಷಣಗಳು ತಡವಾಗಿ ಬರಲು ಇದೊಂದು ಕಾರಣ. ದಾಸ್ತಾನು ಬರಿದಾದ ಮೇಲೆ ನಿಯೋಸ್ಟಿಗ್ಮಿನ್ ಕೊಟ್ಟು ಹೆಚ್ಚು ಪ್ರಯೋಜನವಿಲ್ಲ, ಉಳಿಸಿಕೊಳ್ಳಲು ಅಸಿಟೈಲ್‌ಕೋಲಿನ್ನೇ ಹೊರಬರುತ್ತಿಲ್ಲ. ಪ್ರತಿವಿಷವೂ ರಕ್ತದಲ್ಲಿ ಇನ್ನೂ ತಿರುಗುತ್ತಿರುವ ವಿಷವನ್ನು ಹಿಡಿಯಬಲ್ಲದೇ ಹೊರತು ಹಾಳಾದ ನರತುದಿಯನ್ನು ರಿಪೇರಿ ಮಾಡಲಾರದು. ಆ ಕೆಲಸವನ್ನು ದೇಹವೇ ಮಾಡಿಕೊಳ್ಳಬೇಕು. ಮಾಡಿಕೊಳ್ಳುತ್ತದೆ ಕೂಡ. ಕೆಲವರಿಗೆ ಕೆಲವೇ ದಿನ, ಕೆಲವರಿಗೆ ವಾರಕ್ಕೂ ಹೆಚ್ಚು ಬೇಕು. ಅಷ್ಟು ದಿನ ಯಾರಾದರೂ ಅವರ ಪರವಾಗಿ ಉಸಿರಾಡಿಸಿದರೆ ರೋಗಿ ಎದ್ದು ಮನೆಗೆ ಹೋಗುತ್ತಾನೆ, ಹೊಲದ ಕೆಲಸಕ್ಕೂ ಮರಳುತ್ತಾನೆ.

ಹಾಗಾದರೆ ಪ್ರತಿವಿಷ ಏಕೆ ಬೇಕು ಎಂದು ಯಾರಾದರೂ ಕೇಳಬಹುದು. ಬೇಕು, ಆದಷ್ಟು ಬೇಗ ಬೇಕು. ನರವನ್ನು ಮುಟ್ಟುವ ಮೊದಲು ಹಿಡಿದ ವಿಷ ಹಾನಿ ಮಾಡುವುದಿಲ್ಲ. ಆದರೆ ತಡವಾಗಿ ಬಂದ ರೋಗಿಗೆ ಒಂದರ ಮೇಲೊಂದು ವೈಯಲ್ ಸುರಿದು ರೆಪ್ಪೆ ಏಳಲಿಲ್ಲವೆಂದು ಕೈಚೆಲ್ಲುವುದು ಈ ವಿಷದ ಸ್ವಭಾವ ತಿಳಿಯದ ಚಿಕಿತ್ಸೆ. ನರವಿಷಕ್ಕೆ ಒಟ್ಟು 20 ವೈಯಲ್ ಸಾಕು, ಆಮೇಲೆ ಬೇಕಾದದ್ದು ಉಸಿರಾಟದ ಆಸರೆ ಎಂಬುದೇ ನಮ್ಮ ರಾಷ್ಟ್ರೀಯ ಮಾರ್ಗಸೂಚಿಯ ನಿಲುವು. ಇನ್ನು ನಾಟಿ ಔಷಧಿಯಿಂದಲೇ ಬದುಕಿದವರಿದ್ದಾರಲ್ಲ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಬಲವಾಗಿದೆ. ಕಚ್ಚುವ ಹಾವುಗಳಲ್ಲಿ ಬಹುಪಾಲು ವಿಷವಿಲ್ಲದವು; ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಬದುಕಿದ್ದು ಹೀಗೆ. ಔಷಧಿ ಕೊಟ್ಟವರ ಮೇಲೆ ನನಗೆ ಸಿಟ್ಟಿಲ್ಲ, ಅವರಲ್ಲಿ ಅನೇಕರು ಹಣ ಮುಟ್ಟದೆ ಮಾಡುತ್ತಾರೆ. ಆದರೆ ಚೀಲಗಳು ಖಾಲಿಯಾಗುತ್ತಿರುವ ಆ ಕೆಲವು ಗಂಟೆಗಳನ್ನು ಕಳೆದುಕೊಂಡರೆ ಮತ್ತೆ ಸಿಗುವುದಿಲ್ಲ.

ಗಟ್ಟಿಯಾದ ಆಕ್ಷೇಪ ಆಡಳಿತದ ಕಡೆಯಿಂದ ಬರುತ್ತದೆ: ಪ್ರತಿ ತಾಲ್ಲೂಕಿನಲ್ಲೂ ವೆಂಟಿಲೇಟರ್, ಅದಕ್ಕೆ ತಜ್ಞರು, ರಾತ್ರಿ ಪಾಳಿ, ಇದೆಲ್ಲ ದುಬಾರಿ, 108 ಆಂಬುಲೆನ್ಸ್ ಇದೆ, ತುಮಕೂರು ಜಿಲ್ಲಾಸ್ಪತ್ರೆಗೆ ಕಳಿಸಿದರಾಯಿತು. ಮಧುಗಿರಿಯಿಂದ ತುಮಕೂರು ಸುಮಾರು 40 ಕಿಲೋಮೀಟರ್, ಪಾವಗಡದಿಂದ ಸುಮಾರು 100. ಉಸಿರು ನಿಂತವರ ಮಿದುಳು ಆಮ್ಲಜನಕವಿಲ್ಲದೆ ತಾಳುವುದು ಕೆಲವೇ ನಿಮಿಷ. ಈ ಎರಡು ಲೆಕ್ಕಗಳು ಎಂದೂ ಹೊಂದುವುದಿಲ್ಲ. ತಿಂಗಳುಗಟ್ಟಲೆ ನಡೆಯುವ ತೀವ್ರ ನಿಗಾ ಘಟಕವನ್ನು ಯಾರೂ ಪುರವರಕ್ಕೆ ಕೇಳುತ್ತಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪ್ರತಿವಿಷ, ಅದರಿಂದ ಅಲರ್ಜಿಯಾದರೆ ಕೊಡಲು ಅಡ್ರಿನಲಿನ್, ಕರೆಂಟಿಲ್ಲದೆ ಕೈಯಲ್ಲೇ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್. ತಾಲ್ಲೂಕು ಆಸ್ಪತ್ರೆಯಲ್ಲಿ ಉಸಿರುನಾಳಕ್ಕೆ ಕೊಳವೆ ಹಾಕಬಲ್ಲ ಒಬ್ಬರು ಯಾವ ಪಾಳಿಯಲ್ಲೂ ಇರಬೇಕು, ಒಂದಾದರೂ ನಡೆಯುವ ವೆಂಟಿಲೇಟರ್ ಇರಬೇಕು. ಕೊಳವೆ ಹಾಕಿದ ಮೇಲೆ ರೋಗಿಯನ್ನು ತುಮಕೂರಿಗೆ ಕಳಿಸಿದರೆ ಆತ ಜೀವಂತ ತಲುಪುತ್ತಾನೆ. ತಿರುಮಣಿಯ ಸೋಲಾರ್ ಪಾರ್ಕ್‌ಗೆ 2,050 ಮೆಗಾವ್ಯಾಟ್ ಸಾಮರ್ಥ್ಯಕ್ಕೆ ಬೇಕಾದ ನೆಲ ಕೊಟ್ಟ ತಾಲ್ಲೂಕು ಪಾವಗಡ. ಅಲ್ಲಿನ ರೈತನ ಉಸಿರಿಗೆ ಇಷ್ಟು ಕೇಳುವುದು ಅತಿಯಾಸೆಯಲ್ಲ. ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸುಮಾರು 12 ಲಕ್ಷ ಜನ ಸತ್ತರೆಂದು ಒಂದು ದೊಡ್ಡ ಅಧ್ಯಯನ ಅಂದಾಜಿಸಿದೆ. ಬಹುತೇಕರು ಹಳ್ಳಿಯವರು.

ನೊಣ, ಯೀಸ್ಟ್, ಪ್ರೋಟೀನ್ ಎಂದು ಸಂಶೋಧನೆಗೆ ಸುರಿಯುವ ಹಣವನ್ನೇ ಆಸ್ಪತ್ರೆಗೆ ಕೊಡಬಾರದೇ ಎನ್ನುವವರಿಗೂ ಉತ್ತರ ಹೇಳಬೇಕು. ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆಯನ್ನು ಕಟ್ಟಿದ ಒಬೈದ್ ಸಿದ್ದಿಕಿ 1976ರಲ್ಲಿ ಸೇಮೂರ್ ಬೆಂಜರ್ ಜೊತೆ ಪ್ರಕಟಿಸಿದ ಕೆಲಸ, ಬಿಸಿ ತಗುಲಿದರೆ ಪಾರ್ಶ್ವವಾಯು ಬಡಿದಂತೆ ಬೀಳುವ ಹಣ್ಣಿನ ನೊಣಗಳದು. ಆ ನೊಣಗಳಲ್ಲಿ ಒಂದು ಬಗೆಯಲ್ಲಿ ಕೆಟ್ಟಿದ್ದದ್ದು, ಹೊಸೆದ ಸ್ನೇರ್‌ಗಳನ್ನು ಬಿಡಿಸಿ ಮತ್ತೆ ಕೆಲಸಕ್ಕೆ ಹಚ್ಚುವ ಪ್ರೋಟೀನ್ ಎಂದು ಎಷ್ಟೋ ವರ್ಷಗಳ ನಂತರ ತಿಳಿಯಿತು. ಅಂಥ ಕುತೂಹಲದ ಕೆಲಸಗಳು ಕೂಡಿಯೇ ಇಂದು ಕಟ್ಟುಹಾವಿನ ರೋಗಿಗೆ ಯಾವುದು ನಾಟುತ್ತದೆ, ಯಾವುದು ನಾಟುವುದಿಲ್ಲ ಎಂದು ಹೇಳುವಷ್ಟು ಬೆಳಕಾಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ತಂಡ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯೊಂದಿಗೆ 2024ರಲ್ಲಿ ಪ್ರಕಟಿಸಿದ ಕೃತಕ ಪ್ರತಿಕಾಯ ಭರವಸೆಯದು. ಆದರೆ ಅದು ಗುರಿಯಿಟ್ಟಿರುವುದು ಸ್ನಾಯುವಿನ ಹೊರಮೈಯಲ್ಲಿ ಕೂರುವ ವಿಷಗಳನ್ನು, ಚೀಲಗಳನ್ನು ಬರಿದುಮಾಡುವವನ್ನಲ್ಲ. ಹೊಸ ಮದ್ದು ಬರಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ.

ಕರ್ನಾಟಕ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಒಳ್ಳೆಯ ಹೆಜ್ಜೆ. ಈ ನಾಲ್ಕು ತಾಲ್ಲೂಕುಗಳ ಶಾಸಕರು ಮುಂದಿನ ಕೆಡಿಪಿ ಸಭೆಯಲ್ಲಿ ಎಷ್ಟು ವೈಯಲ್ ದಾಸ್ತಾನಿದೆ ಎಂದು ಕೇಳುವಾಗ, ಇವತ್ತು ರಾತ್ರಿ ಎರಡು ಗಂಟೆಗೆ ಕೊಳವೆ ಹಾಕಬಲ್ಲವರು ಯಾರಿದ್ದಾರೆ, ವೆಂಟಿಲೇಟರ್ ನಡೆಯುತ್ತಿದೆಯೇ ಎಂಬುದನ್ನೂ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಲಿ.